ಜನಗಣತಿಯ ಭಾಷಾಂಕಗಳೂ ನಮ್ಮ ಗಡಿಯೂ

೧೯೫೬ನೆಯ ಇಸವಿ ನವೆಂಬರ್ ೧ನೆಯ ತಾರೀಖು, ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದುಗೂಡಿದ ಸುದಿನವೆಂದು ನಾವು ಪ್ರತಿವರ್ಷವೂ ಉತ್ಸವವನ್ನು ಆಚರಿಸುತ್ತೇವೆ, ಆಚರಿಸತಕ್ಕದ್ದೇ ಸರಿ. ಆದರೆ ಅದೇ ದಿನ, ಅದೇ ರಾಜ್ಯ ಪುನರ್ವಿಂಗಡಣಾ ಶಾಸನದ ೩ನೆಯ ಕಲಮಿನ ಬಲದಿಂದ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳೂ, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕೂ, ನಿರ್ಣಾ ಸರ್ಕಲನ್ನು ಬಿಟ್ಟು ಉಳಿದ ಜಹೀರಾಬಾದ ತಾಲ್ಲೂಕೂ, ಬೀದರ ತಾಲ್ಲೂಕಿನೊಳಗಿನ ನ್ಯಾಲಕಲ್ ಸರ್ಕಲೂ ಆಂಧ್ರಪ್ರದೇಶಕ್ಕೆ ಸೇರಿಹೋದವು. ಒಂದೇ ಶಾಸನ ಒಬ್ಬರಿಗೆ ಮನೆಯನ್ನು ಕಟ್ಟಿಕೊಟ್ಟಿತು. ಇನ್ನೊಬ್ಬರನ್ನು ಹೊಸ್ತಿಲ ಹೊರಗೆ ನಿಲ್ಲಿಸಿತು. ನಿರ್ಣಾ ಸರ್ಕಲು ಒಳಗೆ, ನ್ಯಾಲಕಲ್ ಸರ್ಕಲು ಹೊರಗೆ ಎಂಬ ಇಷ್ಟು ಸೂಕ್ಷ್ಮವಾದ ಕತ್ತರಿಪ್ರಯೋಗಕ್ಕೆ ಆಧಾರವೇನಿದ್ದಿತು? ಶಾಸನವು ತನ್ನ ಕಾರಣಗಳನ್ನು ಹೇಳುವುದಿಲ್ಲ. ಆದರೆ ಆ ಕಾಲದ ಗಡಿಚರ್ಚೆಗಳನ್ನು ಓದಿದವರಿಗೆಲ್ಲ ತಿಳಿದಂತೆ, ಎಲ್ಲರ ಕೈಯಲ್ಲಿಯೂ ಇದ್ದ ಆಯುಧವೊಂದೇ: ೧೯೫೧ನೆಯ ಜನಗಣತಿಯ ಭಾಷಾಂಕಗಳು.

ನಮ್ಮ ಹಿರಿಯರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: “ಲೆಕ್ಕದಲ್ಲಿಯೇ ನಮ್ಮನ್ನು ಕಡಿಮೆ ಮಾಡಿದರು.” ಈ ಮಾತಿನಲ್ಲಿ ನೋವುಂಟು, ಆ ನೋವು ನಿಜವಾದದ್ದು. ಆದರೆ ನೋವಿನ ಮಾತು ಚರಿತ್ರೆಯಾಗಬೇಕಾದರೆ ಅದನ್ನು ಒರೆಗೆ ಹಚ್ಚಿ ನೋಡಬೇಕಾಗುತ್ತದೆ. ಜನಗಣತಿಯು ಹೇಗೆ ನಡೆಯುತ್ತದೆ, ಭಾಷೆಯ ವಿಷಯದಲ್ಲಿ ಅದು ಏನನ್ನು ಕೇಳುತ್ತದೆ, ಅದರ ಸರಿತಪ್ಪುಗಳನ್ನು ಪಂಡಿತರು ಹೇಗೆ ಅಳೆಯುತ್ತಾರೆ ಎಂಬುದನ್ನು ತಿಳಿಯದೆ ಮೋಸವಾಯಿತೆನ್ನುವುದಾಗಲಿ ಆಗಲಿಲ್ಲವೆನ್ನುವುದಾಗಲಿ ಸಲ್ಲದು.

ಹಳೆಯ ಮೈಸೂರಿನವರು ಇದನ್ನು ಖಾನೇಷುಮಾರಿ ಎಂದರು. ನಮ್ಮ ಹೈದರಾಬಾದ ಸೀಮೆಯ ಮುದುಕರಿಗೆ ಅದು ಮರ್ದುಂಶುಮಾರಿ. ೧೮೭೧-೭೨ರಲ್ಲಿ ಬ್ರಿಟಿಷ್ ಹಿಂದುಸ್ಥಾನದಲ್ಲಿಯೂ ಮೈಸೂರಿನಲ್ಲಿಯೂ ಎಣಿಕೆ ನಡೆದಾಗ ನಿಜಾಮ ಸಂಸ್ಥಾನ ಅದರಲ್ಲಿ ಸೇರಿರಲಿಲ್ಲ. ಇಲ್ಲಿ ಮೊದಲ ಕ್ರಮಬದ್ಧ ಗಣತಿ ನಡೆದದ್ದು ೧೮೮೧ರಲ್ಲಿ. ಅಲ್ಲಿಂದ ೧೯೩೧ರವರೆಗೆ ಅನುಸರಿಸಿದ ಕ್ರಮ ಸ್ವಾರಸ್ಯವಾದದ್ದು. ಮೊದಲು ಕೆಲವು ವಾರಗಳ ಕಾಲ ಮನೆಮನೆಗೆ ಹೋಗಿ ಕರಡು ಪಟ್ಟಿಯನ್ನು ಬರೆದುಕೊಳ್ಳುವರು. ಆಮೇಲೆ ಗೊತ್ತಾದ ಒಂದೇ ರಾತ್ರಿ ದೇಶವೆಲ್ಲ ಏಕಕಾಲದಲ್ಲಿ ಲಾಂದ್ರ ಹಿಡಿದು ತಿರುಗಿ ಆ ಪಟ್ಟಿಯನ್ನು ತಾಳೆ ನೋಡುವರು. ಬೆಳುದಿಂಗಳಿರುವ, ಜಾತ್ರೆ-ಮದುವೆಗಳ ನೂಕುನುಗ್ಗಲಿಲ್ಲದ ರಾತ್ರಿಯನ್ನು ಹುಡುಕಿ ಗೊತ್ತುಮಾಡುತ್ತಿದ್ದರಂತೆ. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಯ ದಿನ ಇಂತಹ ಎಣಿಕೆ ನಡೆದಿದ್ದರೆ ಮೂರು ಭಾಷೆಗಳ ಜನವೂ ಒಂದೇ ಊರಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿದ್ದರು! ಎಣಿಸುವವರು ಬಹುಮಟ್ಟಿಗೆ ಪಟವಾರಿಗಳು, ಶಾಲೆಯ ಮಾಸ್ತರರು, ಓದುಬರಹ ಬಲ್ಲ ಊರ ಗೃಹಸ್ಥರು, ಸಂಬಳವಿಲ್ಲದ ಸೇವೆ. ೧೯೦೧ರಿಂದ ಪಟ್ಟಿಯ ಒಂದೊಂದು ಹೆಸರನ್ನೂ ಒಂದೊಂದು ಚೀಟಿಗೆ ಇಳಿಸಿ, ಚೀಟಿಗಳನ್ನು ಕೈಯಿಂದಲೇ ಗೂಡುಗೂಡಾಗಿ ವಿಂಗಡಿಸಿ ಎಣಿಸುವ ಪದ್ಧತಿ ಬಂದಿತು. ಮತಕ್ಕೊಂದು ಬಣ್ಣದ ಚೀಟಿ, ಗಂಡುಹೆಣ್ಣಿಗೆ ಬೇರೆ ಬೇರೆ ಗುರುತು. ಭಾಷೆಯನ್ನಾದರೋ ಅಕ್ಷರದಲ್ಲಿಯೇ ಬರೆಯಬೇಕು. ಆ ಅಕ್ಷರವನ್ನು ಬರೆಯುವವನೊಬ್ಬ, ಓದಿ ಗೂಡಿಗೆ ಹಾಕುವವನು ಇನ್ನೊಬ್ಬ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಭಾರತದ ಭಾಷೆಗಳನ್ನು ಊರೂರಿನ ಮಾತಿನ ಮಾದರಿಗಳೊಡನೆ ಸಂಗ್ರಹಿಸಿ ಪರಿಶೀಲಿಸಿದ ಮಹಾಕಾರ್ಯ ಗ್ರಿಯರ್ಸನ್ನರ ಭಾಷಾ ಸಮೀಕ್ಷೆ. ೧೯೦೩ರಿಂದ ೧೯೨೮ರವರೆಗೆ ಅದರ ಸಂಪುಟಗಳು ಪ್ರಕಟವಾದುವು. ಆದರೆ ಮದರಾಸು ಪ್ರಾಂತವನ್ನೂ ಮೈಸೂರು, ಹೈದರಾಬಾದ ಸಂಸ್ಥಾನಗಳನ್ನೂ ಆ ಸಮೀಕ್ಷೆಯ ವ್ಯಾಪ್ತಿಗೆ ತಂದಿರಲಿಲ್ಲ. ಹೀಗಾಗಿ ಕನ್ನಡ, ತೆಲುಗು, ಮರಾಠಿ, ದಖನಿ ನಾಲ್ಕೂ ಒಂದರೊಳಗೊಂದು ಹೆಣೆದುಕೊಂಡಿರುವ ನಮ್ಮ ಸೀಮೆಗೆ ಭಾಷಾಶಾಸ್ತ್ರಜ್ಞರ ಸಾಕ್ಷ್ಯವೇ ದೊರೆಯಲಿಲ್ಲ. ಉಳಿದದ್ದು ಪಟವಾರಿಯ ಪಟ್ಟಿಯ ಒಂದು ಖಾನೆ ಮಾತ್ರ.

ಆ ಖಾನೆಯ ತಲೆಬರಹವಾದರೂ ಸ್ಥಿರವಾಗಿತ್ತೆ? ಇರಲಿಲ್ಲ. ೧೮೮೧ರಲ್ಲಿ ಮಾತೃಭಾಷೆ ಯಾವುದೆಂದು ಕೇಳಿದರು. ೧೮೯೧ರಲ್ಲಿ ತಂದೆತಾಯಿಗಳ ಭಾಷೆ ಯಾವುದೆಂದರು. ೧೯೧೧ರ, ೧೯೨೧ರ ಗಣತಿಗಳಲ್ಲಿ ಮನೆಯಲ್ಲಿ ಸಾಮಾನ್ಯವಾಗಿ ಆಡುವ ಭಾಷೆ ಯಾವುದೆಂದಾಯಿತು. ೧೯೩೧ರಲ್ಲಿ ಪುನಃ ಮಾತೃಭಾಷೆಗೆ ಬಂದರು. ಅದರೊಡನೆ ನಿತ್ಯವ್ಯವಹಾರದಲ್ಲಿ ಬಳಸುವ ಇತರ ಭಾಷೆಗಳನ್ನೂ ಕೇಳಿದರು. ಮೇಲ್ನೋಟಕ್ಕೆ ಇವೆಲ್ಲ ಒಂದೇ ಪ್ರಶ್ನೆಯಂತೆ ಕಾಣುತ್ತವೆ. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಕುಳಿತವನಿಗೆ ಒಂದೇ ಹೌದು. ಗಡಿಯಲ್ಲಿರುವವನಿಗೆ ಹಾಗಲ್ಲ.

ಚಿಂಚೋಳಿಯ ಕಡೆಯ ಕನ್ನಡದ ಹೆಣ್ಣುಮಗಳೊಬ್ಬಳು ತಾಂಡೂರಿನ ಬಳಿಯ ಹಳ್ಳಿಯ ತೆಲುಗು ಮನೆಗೆ ಸೊಸೆಯಾಗಿ ಬಂದಳೆನ್ನೋಣ. ಇಂತಹ ಸಂಬಂಧಗಳು ನಮ್ಮಲ್ಲಿ ಇಂದಿಗೂ ನಡೆದೇ ಇವೆ. ಮಾತೃಭಾಷೆ ಯಾವುದೆಂದರೆ ಆಕೆ ಕನ್ನಡದವಳು. ಮನೆಯಲ್ಲಿ ಆಡುವ ಭಾಷೆ ಯಾವುದೆಂದರೆ ಅದೇ ಆಕೆ ತೆಲುಗಿನವಳು. ಆಕೆಯ ಮಗನ ಗತಿ ಏನು? ಅತ್ತೆಯೊಡನೆ ತೆಲುಗು, ತೊಟ್ಟಿಲ ಬಳಿ ಕನ್ನಡ, ಅಂಗಡಿಯಲ್ಲಿ ದಖನಿ. ಹೀಗೆಯೇ ಜಹೀರಾಬಾದಿನ ಪೇಟೆಯ ಒಬ್ಬ ಲಿಂಗವಂತ ವ್ಯಾಪಾರಿಯನ್ನು ತೆಗೆದುಕೊಳ್ಳಿ. ಮನೆಯಲ್ಲಿ ಕನ್ನಡ, ಗಿರಾಕಿಯೊಡನೆ ತೆಲುಗು, ನಿಜಾಮರ ಕಾಲದ ಕಚೇರಿಯಲ್ಲಿ ಉರ್ದು. ಇನ್ನು ಕೆಲವು ಮನೆಗಳಲ್ಲಿ ಆಡುಮಾತು ತೆಲುಗೇ ಆದರೂ ಪೂಜೆಯ ಹೊತ್ತಿಗೆ ವಚನ ಕನ್ನಡದ್ದು. ಈ ಜನರನ್ನು ಯಾವ ಗೂಡಿಗೆ ಹಾಕಬೇಕು? ಪ್ರಶ್ನೆಯ ಒಂದು ಪದವನ್ನು ಬದಲಿಸಿದರೆ ಸಾಕು, ಒಂದು ಊರಿನ ಬಹುಮತ ಅತ್ತಿಂದಿತ್ತ ಹೊರಳುತ್ತದೆ. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ; ಯಾರೂ ತಪ್ಪಾಗಿ ಎಣಿಸಿಲ್ಲ. ಗಣತಿಯ ದೋಷಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಇದೇ. ನಮ್ಮ ಹಿರಿಯರ ದೂರಿನಲ್ಲಿ ಇದರ ಪ್ರಸ್ತಾಪವೇ ಬರುವುದಿಲ್ಲ ಎಂಬುದು ಆಶ್ಚರ್ಯ.

೧೯೪೧ರ ಗಣತಿ ಯುದ್ಧಕಾಲದ್ದು. ಒಂದು ರಾತ್ರಿಯ ಎಣಿಕೆಯನ್ನು ಆಗಲೇ ಕೈಬಿಟ್ಟರು. ಮಿತವ್ಯಯದ ಕಾರಣ ಅಖಿಲ ಭಾರತದ ಭಾಷಾಕೋಷ್ಟಕಗಳು ಸಿದ್ಧವಾಗಲೇ ಇಲ್ಲ. ಆದ್ದರಿಂದ ೧೯೫೧ರ ಅಂಕಗಳನ್ನು ದೇಶದ ಮಟ್ಟದಲ್ಲಿ ಹೋಲಿಸಿ ನೋಡಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ, ೧೯೩೧ಕ್ಕೆ ಹೋಗಬೇಕು. ಆ ಇಪ್ಪತ್ತು ವರ್ಷಗಳಲ್ಲಿ ನಮ್ಮ ಸೀಮೆ ಕಂಡದ್ದು ಕಡಿಮೆಯೇ? ಯುದ್ಧ, ರಜಾಕಾರರ ಹಾವಳಿ, ೧೯೪೮ರ ಪೋಲೀಸು ಕಾರ್ಯಾಚರಣೆ, ಆ ಸಂದರ್ಭದಲ್ಲಿ ಊರು ಬಿಟ್ಟುಹೋದ ಮತ್ತು ಮರಳಿ ಬಂದ ಜನ.

ಇನ್ನು ೧೯೫೧ಕ್ಕೆ ಬರೋಣ. ಸ್ವತಂತ್ರ ಭಾರತದ ಪ್ರಥಮ ಗಣತಿ. ರಿಜಿಸ್ಟ್ರಾರ್ ಜನರಲ್ ಆಗಿದ್ದವರು ಆರ್. ಎ. ಗೋಪಾಲಸ್ವಾಮಿ, ಹೈದರಾಬಾದ ರಾಜ್ಯದ ಗಣತಿಯ ಅಧೀಕ್ಷಕರು ಸಿ. ಕೆ. ಮೂರ್ತಿ. ಫೆಬ್ರವರಿ ೯ರಿಂದ ಆರಂಭಿಸಿ, ಮಾರ್ಚ್ ೧ರ ಸೂರ್ಯೋದಯವನ್ನು ಲೆಕ್ಕದ ಕ್ಷಣವೆಂದು ಇಟ್ಟುಕೊಂಡು ಎಣಿಕೆ ನಡೆಯಿತು. ಈ ಗಣತಿಗೆ ಒಂದು ವಿಶೇಷ ಹಿರಿಮೆಯುಂಟು. ತನ್ನ ತಪ್ಪನ್ನು ತಾನೇ ಅಳೆದುಕೊಳ್ಳಲು ಸರ್ಕಾರ ಮೊದಲ ಬಾರಿಗೆ ಮನಸ್ಸು ಮಾಡಿತು. ಎಣಿಕೆ ಮುಗಿದ ಮೇಲೆ ಅಲ್ಲಲ್ಲಿ ಕೆಲವು ಮನೆಗಳನ್ನು ಚೀಟಿ ಎತ್ತಿದಂತೆ ಆಯ್ದು, ಬೇರೆ ಅಧಿಕಾರಿಗಳನ್ನು ಕಳುಹಿಸಿ, ಆ ಮನೆಗಳವರು ಪಟ್ಟಿಯಲ್ಲಿ ಬಂದಿದ್ದಾರೆಯೆ, ಬಿಟ್ಟುಹೋಗಿದ್ದಾರೆಯೆ, ಎರಡು ಸಲ ಬಂದಿದ್ದಾರೆಯೆ ಎಂದು ನೋಡಿದರು. ಅದರ ವರದಿ ೧೯೫೩ರಲ್ಲಿ ಪ್ರಕಟವಾಯಿತು. ಸಾವಿರಕ್ಕೆ ಸುಮಾರು ೧೧ ಜನ ಎಣಿಕೆಯಿಂದ ತಪ್ಪಿಹೋಗಿದ್ದರೆಂದು ತಿಳಿದುಬಂದಿತು. ಈ ಪರಿಶೀಲನೆ ಅಲ್ಲಿಂದ ಪ್ರತಿ ಗಣತಿಯ ತರುವಾಯವೂ ನಡೆದಿದೆ. ೧೯೬೧ರಲ್ಲಿ ಸಾವಿರಕ್ಕೆ ೭, ೧೯೭೧ರಲ್ಲಿ ೧೭, ೧೯೮೧ ಮತ್ತು ೧೯೯೧ರಲ್ಲಿ ೧೮, ೨೦೦೧ ಮತ್ತು ೨೦೧೧ರಲ್ಲಿ ೨೩. ಹಿಂದಿನ ಕಾಲದವರು ಒರಟಾಗಿ ಎಣಿಸಿದರು, ಇಂದಿನವರು ನಾಜೂಕಾಗಿ ಎಣಿಸುತ್ತಾರೆಂಬ ಭಾವನೆ ಇದರಿಂದ ಹಾರಿಹೋಗುತ್ತದೆ. ಕೂಲಿಗಾಗಿ ಊರೂರು ತಿರುಗುವ ಜನ ಹೆಚ್ಚಿದಷ್ಟೂ ಪಟ್ಟಿಯ ಕಣ್ಣು ತಪ್ಪಿಸುವವರೂ ಹೆಚ್ಚುತ್ತಾರೆ.

ಆದರೆ ೧೯೫೧ರ ಆ ಪರಿಶೀಲನೆಯು ತಲೆಯೆಣಿಕೆಯನ್ನು ಕುರಿತದ್ದು. ಎಣಿಸಿದ ತಲೆ ಆಡುವ ಮಾತು ಯಾವುದೆಂಬ ಉತ್ತರ ಸರಿಯೆ ಎಂಬುದನ್ನು ಅದು ಪರೀಕ್ಷಿಸಲಿಲ್ಲ. ಸಾವಿರಕ್ಕೆ ಹನ್ನೊಂದರ ತಪ್ಪು ಎಂಬ ಮಾತನ್ನು ಭಾಷೆಯ ಖಾನೆಗೂ ಅನ್ವಯಿಸಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ. ಮೂಲ ಚೀಟಿಗಳನ್ನೇ ನೋಡೋಣವೆಂದರೆ ೧೯೪೮ರ ಜನಗಣತಿ ಶಾಸನ ಅದಕ್ಕೆ ಅಡ್ಡಬರುತ್ತದೆ. ವ್ಯಕ್ತಿಗಳ ಉತ್ತರಗಳು ಗೋಪ್ಯವಾದವು; ಅವನ್ನು ನೋಡುವ ಹಕ್ಕು ಯಾರಿಗೂ ಇಲ್ಲ; ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಅವು ಸಲ್ಲುವುದಿಲ್ಲ. ಇದು ಒಳ್ಳೆಯ ನಿಯಮವೇ. ಹಾಗಿಲ್ಲದಿದ್ದರೆ ಯಾರು ತಾನೆ ನಿರ್ಭಯವಾಗಿ ಉತ್ತರ ಹೇಳಿಯಾರು?

ಹಾಗಾದರೆ ಭಾಷಾಂಕಗಳನ್ನು ಪರೀಕ್ಷಿಸುವ ದಾರಿ ಯಾವುದು? ಅಂಕಗಳನ್ನೇ ಒಂದರೊಡನೊಂದು ತಾಳೆಹಾಕುವುದು. ವಯಸ್ಸಿನ ಖಾನೆಯನ್ನು ವಿದ್ವಾಂಸರು ಹೀಗೆಯೇ ಪರೀಕ್ಷಿಸುತ್ತಾರೆ. ವಯಸ್ಸು ಗೊತ್ತಿಲ್ಲದ ಹಳ್ಳಿಗನು ಮೂವತ್ತು, ನಲವತ್ತು, ಐವತ್ತು ಎಂದು ದುಂಡಗಿನ ಸಂಖ್ಯೆಯನ್ನು ಹೇಳುತ್ತಾನೆ. ಆದ್ದರಿಂದ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸಿನವರು ಪಟ್ಟಿಯಲ್ಲಿ ಗುಡ್ಡೆಯಾಗಿ ಬೀಳುತ್ತಾರೆ. ಆ ಗುಡ್ಡೆಯ ಎತ್ತರವನ್ನು ಅಳೆಯುವ ವಿಪ್ಪಲ್ ಸೂಚ್ಯಂಕವೆಂಬುದೊಂದುಂಟು. ಗುಡ್ಡೆಯೇ ಇಲ್ಲದಿದ್ದರೆ ೧೦೦, ಎಲ್ಲರೂ ದುಂಡಗಿನ ಸಂಖ್ಯೆಯನ್ನೇ ಹೇಳಿದರೆ ೫೦೦. ಭಾಷೆಗೆ ಇಂತಹ ಸಿದ್ಧ ಅಳತೆಗೋಲಿಲ್ಲವಾದರೂ ಅದೇ ನ್ಯಾಯವನ್ನು ಅನ್ವಯಿಸಬಹುದು: ಹುಟ್ಟುಸಾವುಗಳಿಂದಲೂ ವಲಸೆಯಿಂದಲೂ ಸಾಧ್ಯವಾಗದಂತಹ ಏರಿಳಿತ ಕಂಡಲ್ಲಿ ಉತ್ತರವನ್ನು ಸಂಶಯಿಸಬೇಕು. ಸಂಸ್ಕೃತದ ಉದಾಹರಣೆಯನ್ನು ನೋಡಿ. ಅದು ತಮ್ಮ ಮಾತೃಭಾಷೆಯೆಂದು ಬರೆಸಿದವರು ೧೯೮೧ರಲ್ಲಿ ೬,೧೦೬, ೧೯೯೧ರಲ್ಲಿ ೪೯,೭೩೬, ೨೦೦೧ರಲ್ಲಿ ೧೪,೧೩೫, ೨೦೧೧ರಲ್ಲಿ ೨೪,೮೨೧. ಹತ್ತು ವರ್ಷದಲ್ಲಿ ಎಂಟು ಮಡಿ ಬೆಳೆದು ಮುಂದಿನ ಹತ್ತು ವರ್ಷದಲ್ಲಿ ಮೂರನೆಯ ಒಂದು ಪಾಲಿಗಿಂತ ಕೆಳಗಿಳಿಯುವ ಜನಾಂಗವೊಂದು ಭೂಮಿಯ ಮೇಲೆ ಉಂಟೆ? ಜನ ಬದಲಾಗಲಿಲ್ಲ, ಅವರ ಉತ್ತರ ಬದಲಾಯಿತು. ದೇವಭಾಷೆಯ ಮೇಲಿನ ಅಭಿಮಾನ ಮೆಚ್ಚತಕ್ಕದ್ದೇ, ಆದರೆ ಅದು ತೊಟ್ಟಿಲ ಭಾಷೆಯ ಲೆಕ್ಕವಲ್ಲ.

ಇದಕ್ಕಿಂತ ಗಂಭೀರವಾದದ್ದು ೧೯೫೧ರಲ್ಲಿ ಪಂಜಾಬದಲ್ಲಿ ನಡೆದದ್ದು. ಹಿಂದಿ, ಪಂಜಾಬಿಗಳ ವಾದ ಅಲ್ಲಿ ಎಷ್ಟು ಕಾವೇರಿತ್ತೆಂದರೆ, ಉತ್ತರಗಳು ನಂಬಲರ್ಹವಲ್ಲವೆಂದು ಗಣತಿ ಇಲಾಖೆಯೇ ಕೈಚೆಲ್ಲಿ, ಪಂಜಾಬ, ಪೆಪ್ಸು, ಹಿಮಾಚಲ, ದೆಹಲಿಗಳಲ್ಲಿ ಹಿಂದಿ, ಉರ್ದು, ಹಿಂದೂಸ್ಥಾನಿ, ಪಂಜಾಬಿ, ಪಹಾಡಿಗಳನ್ನೆಲ್ಲ ಒಂದೇ ಮೂಟೆಯಾಗಿ ಕಟ್ಟಿ ಪ್ರಕಟಿಸಿತು. ಪಂಜಾಬಿಯನ್ನಾಡುವವರೆಷ್ಟು ಎಂದು ಯಾರೂ ಹೇಳಲಾರದಂತಾಯಿತು. ನಷ್ಟ ಎರಡು ಪಕ್ಷಕ್ಕೂ ಆಯಿತು.

ನಮ್ಮ ಸೀಮೆಯಲ್ಲಿ ಹಾಗೇನಾದರೂ ನಡೆಯಿತೆ? ಗಣತಿದಾರರು ಬೇಕೆಂದೇ ಕನ್ನಡಿಗರನ್ನು ತೆಲುಗರೆಂದು ಬರೆದರೆಂಬ ಮಾತನ್ನು ಒಪ್ಪಲು ನನಗೆ ಮನಸ್ಸು ಬಾರದು. ಗಣತಿ ನಡೆದದ್ದು ೧೯೫೧ರ ಫೆಬ್ರವರಿಯಲ್ಲಿ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾದದ್ದು ೧೯೫೩ರ ಡಿಸೆಂಬರಿನಲ್ಲಿ. ಸರ್ಕಲು ಸರ್ಕಲಾಗಿ ನಾಡನ್ನು ಕತ್ತರಿಸುವರೆಂದು ನಾರಾಯಣಖೇಡದ ಪಟವಾರಿಗೆ ಮೂರು ವರ್ಷ ಮೊದಲೇ ಕನಸು ಬಿದ್ದಿರಲಾರದು. ಭಾಷಾಪ್ರಾಂತಗಳ ಕೂಗು ಆಗಲೇ ಎದ್ದಿತ್ತೆಂಬುದು ನಿಜ. ಒಬ್ಬಿಬ್ಬರ ಕೈ ಜಾರಿರಬಹುದು. ಆದರೆ ನಮಗೆ ಆದ ಅನ್ಯಾಯಕ್ಕೆ ಅಷ್ಟು ದೊಡ್ಡ ಒಳಸಂಚು ಬೇಕಾಗಿಯೇ ಇರಲಿಲ್ಲ. ಒಂದು ಮನೆಗೆ ಒಂದೇ ಭಾಷೆಯೆಂದು ಭಾವಿಸಿದ ಗಣತಿದಾರನ ಲೇಖನಿಯೂ, ಆ ಲೇಖನಿಯ ಉತ್ತರವನ್ನು ಭೂಮಿಗೆ ಹೊದಿಸಿದ ಅಳತೆಯೂ ಸಾಕಾಗಿದ್ದವು.

ಈ ಅಳತೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಯೋಗವು ಏಕಭಾಷಾ ರಾಜ್ಯಕ್ಕೆ ನೂರಕ್ಕೆ ೭೦ರಷ್ಟು ಜನ ಒಂದು ಭಾಷೆಯವರಾಗಿರಬೇಕೆಂಬ ಮಾನದಂಡವನ್ನು ಮುಂದಿಟ್ಟಿತು. ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದುಗಳಲ್ಲಿ ಯಾವುದೂ ಅರ್ಧವನ್ನು ಮುಟ್ಟಿರಲಿಲ್ಲ. ಆದ್ದರಿಂದ ಆಯೋಗವು ಬೀದರ ಜಿಲ್ಲೆಯನ್ನು ಇಡಿಯಾಗಿ, ತೆಲಂಗಾಣದ ಜಿಲ್ಲೆಗಳೊಡನೆ, ಉಳಿದ ಹೈದರಾಬಾದ ರಾಜ್ಯದಲ್ಲಿಯೇ ಇರಿಸಬೇಕೆಂದು ೧೯೫೫ರಲ್ಲಿ ಶಿಫಾರಸು ಮಾಡಿತು. ಬೀದರವೇ ಕನ್ನಡನಾಡಿನ ಹೊರಗೆ ಉಳಿಯುವ ಪ್ರಸಂಗ ಅದು! ಕಡೆಗೆ ಶಾಸನ ರೂಪುಗೊಂಡಾಗ ಜಿಲ್ಲೆ ಮೂರು ಹೋಳಾಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿಗೆ, ನಾರಾಯಣಖೇಡ, ಜಹೀರಾಬಾದ, ನ್ಯಾಲಕಲ್ಲುಗಳು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಒಂದು ಕಡೆ ತಾಲ್ಲೂಕು ಅಳತೆಯಾದರೆ ಇನ್ನೊಂದು ಕಡೆ ಸರ್ಕಲು ಅಳತೆಯಾಯಿತು. ಸರ್ಕಲೆಂದರೆ ಹತ್ತಾರು ಹಳ್ಳಿಗಳ ಗುಂಪು, ಅದೂ ಕಂದಾಯ ವಸೂಲಿಗಾಗಿ ಗಿರ್ದಾವರರ ಅನುಕೂಲಕ್ಕೆ ಮಾಡಿದ್ದು. ಭಾಷೆಗೂ ಅದಕ್ಕೂ ಏನು ಸಂಬಂಧ? ಗುಂಪಿನ ಮೊತ್ತದಲ್ಲಿ ಕನ್ನಡ ಹಿಂದೆ ಬಿದ್ದರೆ, ಕನ್ನಡವೇ ತುಂಬಿದ ಹಳ್ಳಿಯೂ ಗುಂಪಿನೊಡನೆಯೇ ಹೋಗಬೇಕು. ಆಂಧ್ರ ಮತ್ತು ಮದರಾಸುಗಳ ಗಡಿತಂಟೆಯನ್ನು ಎಚ್. ವಿ. ಪಾಟಸ್ಕರರು ಬಗೆಹರಿಸಿದಾಗ ಹಳ್ಳಿಯನ್ನೇ ಘಟಕವಾಗಿ ಹಿಡಿದರು. ೧೯೫೯ರ ಶಾಸನದ ಮೂಲಕ ಅದು ೧೯೬೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಆ ಅಳತೆ ನಮಗೂ ದೊರೆತಿದ್ದರೆ ಎಂದು ಅನ್ನಿಸುವುದು ಸಹಜ. ಆದರೆ ಅದೇ ಹಳ್ಳಿಯ ಸೂತ್ರವನ್ನು ಬೆಳಗಾವಿಯ ಕಡೆ ಮಹಾರಾಷ್ಟ್ರ ಮುಂದೊಡ್ಡಿದಾಗ ಕರ್ನಾಟಕವೇ ಒಪ್ಪಲಿಲ್ಲವೆಂಬುದನ್ನು ಮರೆಯಬಾರದು. ಅಳತೆಗೋಲನ್ನು ಆರಿಸುವವರೆಲ್ಲ ತಮ್ಮ ಹೊಲದ ಬದುವನ್ನು ನೋಡಿಕೊಂಡೇ ಆರಿಸುತ್ತಾರೆ.

ಎಣಿಸಿದ ಮೇಲೆ ಭಾಷೆಗಳನ್ನು ಗುಂಪುಗೂಡಿಸುವ ಕೆಲಸವೂ ಅಷ್ಟೇ ಮಹತ್ವದ್ದು. ೨೦೧೧ರಲ್ಲಿ ಜನ ಬರೆಸಿದ ಭಾಷಾನಾಮಗಳು ೧೯,೫೬೯. ಪರಿಷ್ಕರಿಸಿದ ಮೇಲೆ ೧,೩೬೯ ಮಾತೃಭಾಷೆಗಳು. ಅವನ್ನು ಕೂಡಿಸಿ ೧೨೧ ಭಾಷೆಗಳು. ನೀಲಗಿರಿಯ ಬಡಗವನ್ನು ಕನ್ನಡದ ಲೆಕ್ಕಕ್ಕೆ ಹಾಕಿದ್ದಾರೆ. ತಾಂಡೂರು, ನಾರಾಯಣಖೇಡಗಳ ತಾಂಡಗಳಲ್ಲಿ ಆಡುವ ಲಂಬಾಣಿ ನುಡಿಯನ್ನು ಹಿಂದಿಯ ಲೆಕ್ಕಕ್ಕೆ! ನೆರೆಯ ತಾಂಡದ ಲಂಬಾಣಿ ಹಿರಿಯರು ಕನ್ನಡ, ತೆಲುಗು ಎರಡನ್ನೂ ಬಲ್ಲರು; ತಾವು ಹಿಂದಿಯವರೆಂದು ಕೇಳಿದರೆ ನಕ್ಕಾರು.

ಇದೆಲ್ಲ ಮುಗಿದ ಕಥೆ, ಗಡಿ ಇನ್ನು ಸರಿಯುವುದುಂಟೆ ಎಂದು ಕೆಲವರು ಕೇಳಬಹುದು. ಗಡಿಯ ಮಾತಲ್ಲ. ತೆಲಂಗಾಣ ೨೦೧೪ರ ಜೂನ್ ೨ರಂದು ಪ್ರತ್ಯೇಕ ರಾಜ್ಯವಾಯಿತು. ೨೦೧೬ರಲ್ಲಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ ಜಿಲ್ಲೆಗೂ ಸೇರಿದವು. ರಾಜ್ಯ, ಜಿಲ್ಲೆಗಳ ಹೆಸರು ಬದಲಾದರೂ ಭಾಷಾ ಅಲ್ಪಸಂಖ್ಯಾತರ ಸೌಲಭ್ಯಗಳಿಗೆ ಸಂಖ್ಯೆಯೇ ಕೀಲಿಕೈ. ಒಂದು ಪ್ರದೇಶದ ಜನರಲ್ಲಿ ನೂರಕ್ಕೆ ೧೫ರಿಂದ ೨೦ರಷ್ಟು ಒಂದು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲಿಯೂ ಹೊರಡಿಸುವುದು ಯುಕ್ತವೆಂದು ಕೇಂದ್ರ ಸರ್ಕಾರ ೧೯೫೬ರ ಜ್ಞಾಪನಪತ್ರದಲ್ಲಿ ಹೇಳಿದೆ. ಆ ನೂರಕ್ಕೆ ಇಷ್ಟೆಂಬುದು ಜನಗಣತಿಯಿಂದಲೇ ಬರಬೇಕು. ಪ್ರಾಥಮಿಕ ಶಾಲೆಯಲ್ಲಿ ೪೦ ಮಕ್ಕಳು ಅಥವಾ ತರಗತಿಯಲ್ಲಿ ೧೦ ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಬೋಧನೆ ಎಂಬ ೧೯೪೯ರ ಶಿಕ್ಷಣಮಂತ್ರಿಗಳ ನಿರ್ಣಯ ಇನ್ನೊಂದು. ಇದರ ಎಣಿಕೆ ಶಾಲೆಯ ಹಾಜರಿ ಪುಸ್ತಕದ್ದು. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಿ ಕನ್ನಡ ಶಾಲೆ ಮುಚ್ಚಿತೆಂದು ಗಣತಿಯನ್ನು ದೂರಿ ಫಲವಿಲ್ಲ.

೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿ ಮಹಾಮಾರಿಯ ದೆಸೆಯಿಂದ ನಿಂತುಹೋಯಿತು. ೨೦೨೫ರ ಜೂನ್ ೧೬ರ ಅಧಿಸೂಚನೆಯಂತೆ ನಮ್ಮ ಭಾಗಕ್ಕೆ ಲೆಕ್ಕದ ಕ್ಷಣವೆಂದು ಗೊತ್ತಾಗಿರುವುದು ೨೦೨೭ರ ಮಾರ್ಚ್ ೧. ಕಾಗದದ ಪಟ್ಟಿಯ ಬದಲು ಮೊಬೈಲು ಯಂತ್ರ. ಬೇಕಾದವರು ತಮ್ಮ ವಿವರವನ್ನು ತಾವೇ ತುಂಬಲೂ ಅವಕಾಶವುಂಟೆಂದು ಸಾರಿದ್ದಾರೆ. ಯಂತ್ರ ಬಂದ ಮಾತ್ರಕ್ಕೆ ಮೇಲೆ ಹೇಳಿದ ತೊಡಕು ತೀರುವುದಿಲ್ಲ. ನಮ್ಮ ಸಂಘದ ಕೆಲವು ತರುಣರು, ಆಗ ಎಲ್ಲರೂ ಕನ್ನಡವೆಂದೇ ಬರೆಸುವಂತೆ ಮನೆಮನೆಗೆ ಹೋಗಿ ಹೇಳೋಣವೆನ್ನುತ್ತಾರೆ. ಅವರ ಉತ್ಸಾಹವನ್ನು ನಾನು ಬಲ್ಲೆ. ಆದರೆ ತೆಲುಗು ಮನೆಯವರಿಂದ ಕನ್ನಡವೆಂದು ಹೇಳಿಸುವ ಕೆಲಸಕ್ಕೆ ಸಂಘ ಕೈಹಾಕಬಾರದು. ೨೦೧೧ರ ಗಣತಿದಾರರಿಗೆ ಕೊಟ್ಟ ಸೂಚನೆಗಳಲ್ಲಿಯೇ, ಸಂಘಟಿತ ಚಳವಳಿಯ ಕಾರಣ ಜನರು ಮಾತೃಭಾಷೆಯನ್ನು ನಿಜವಾಗಿ ಹೇಳುತ್ತಿಲ್ಲವೆಂದು ಸಂಶಯ ಬಂದರೆ, ಹೇಳಿದ್ದನ್ನೇ ಬರೆದುಕೊಂಡು ಮೇಲಧಿಕಾರಿಗೆ ವರದಿ ಮಾಡಬೇಕೆಂದು ಇತ್ತು. ಒಮ್ಮೆ ಆ ಸಂಶಯ ಹುಟ್ಟಿದರೆ ನಿಜವಾದ ಕನ್ನಡಿಗನ ಉತ್ತರವೂ ಪಂಜಾಬದ ಮೂಟೆಗೆ ಬಿದ್ದಂತೆಯೇ.

ಮಾಡಬೇಕಾದದ್ದು ಬೇರೆಯಿದೆ. ಅದೇ ಸೂಚನೆಗಳ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ತನ್ನೊಡನೆ ಆಡಿದ ಭಾಷೆ. ತಾಯಿ ಶೈಶವದಲ್ಲಿಯೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಮತಕ್ಕೂ ಭಾಷೆಗೂ ಗಂಟುಹಾಕಬಾರದು. ಒಂದು ಮನೆಯವರೆಲ್ಲರಿಗೂ ಒಂದೇ ಭಾಷೆಯನ್ನು ಬರೆಯಬೇಕೆಂಬ ನಿಯಮವಿಲ್ಲ. ಮಾತೃಭಾಷೆಯಲ್ಲದೆ ಬಲ್ಲ ಇನ್ನೆರಡು ಭಾಷೆಗಳನ್ನೂ ಕೇಳಿ ಬರೆಯಬೇಕು. ಬಡಾವಣೆಯ ಅಂಗಡಿಯಲ್ಲಿ ಕನ್ನಡ ಕಲಿತ ತೆಲುಗು ಗೃಹಸ್ಥನೂ, ತಾಂಡದ ಲಂಬಾಣಿಯೂ ಈ ಖಾನೆಯಲ್ಲಿ ಧಾರಾಳವಾಗಿ ಕನ್ನಡವನ್ನು ಹೇಳಬಹುದು. ಅದು ಸತ್ಯವೂ ಹೌದು. ಬಾಗಿಲಿಗೆ ಬಂದ ಗಣತಿದಾರನು ಯಜಮಾನನೊಬ್ಬನನ್ನು ಕೇಳಿ ಉಳಿದವರಿಗೆಲ್ಲ ಅದನ್ನೇ ಎಳೆದುಬಿಡುವುದು ಹಳೆಯ ಅಭ್ಯಾಸ. ಅಂತಹ ವೇಳೆಯಲ್ಲಿ ಅಡಿಗೆಮನೆಯಲ್ಲಿರುವ ಸೊಸೆಯನ್ನು ಹೊರಗೆ ಕರೆದು, ಆಕೆಯ ಭಾಷೆಯನ್ನು ಆಕೆಯಿಂದಲೇ ಹೇಳಿಸಿ, ಆಕೆ ತನ್ನ ಮಕ್ಕಳೊಡನೆ ಯಾವ ಮಾತಾಡುತ್ತಾಳೆಂಬುದನ್ನೂ ಹೇಳಿಸಿ, ಬರೆದದ್ದನ್ನು ಓದಿಸಿ ಕೇಳುವುದು ಮನೆಯ ಹಿರಿಯರ ಕೆಲಸ.